ಸೆಟಲ್‌ಮೆಂಟ್ ಮುಗಿಯುವ ತನಕ ರಿಕವರಿ ಫೋನ್‌ಗಳಿಗೆ ಏನು ಹೇಳಬೇಕು?

ಪ್ರಶ್ನೆ: ಎರಡು ಕ್ರೆಡಿಟ್ ಕಾರ್ಡ್, ಒಂದು ಪರ್ಸನಲ್ ಲೋನ್ ಬಾಕಿ. ಸೆಟಲ್‌ಮೆಂಟ್‌ಗೆ (ಒಂದಿಷ್ಟು ಕಟ್ಟಿ, ಉಳಿದದ್ದು ಮನ್ನಾ ಮಾಡಿಸಿಕೊಂಡು ಸಾಲ ಮುಗಿಸುವುದು) ಬ್ಯಾಂಕಿಗೆ ಅರ್ಜಿ ಕೊಟ್ಟಾಗಿದೆ, ಉತ್ತರವಿಲ್ಲ. ವಸೂಲಿ ಏಜೆಂಟರು ಅಪ್ಪನಿಗೂ ಫೋನ್ ಮಾಡುತ್ತಿದ್ದಾರೆ. ಬ್ಲಾಕ್ ಮಾಡಲೇ?

ಉತ್ತರ 1: ಬೇಡ. ‘ಗ್ರಾಹಕ ಸಿಗುತ್ತಿಲ್ಲ’ ಎಂದು ಬರೆದುಕೊಂಡು ಮನೆಗೇ ಬರುತ್ತಾರೆ. ದಿನಕ್ಕೊಂದು ಕರೆ ಎತ್ತಿ, ಅರ್ಜಿಯ ದಿನಾಂಕ ಹೇಳಿ, ‘ಉಳಿದದ್ದು ಇಮೇಲ್‌ನಲ್ಲಿ’ ಎಂದು ಫೋನ್ ಇಡಿ. ಒತ್ತಡಕ್ಕೆ ಮಣಿದು ‘ಶುಕ್ರವಾರ ಕಟ್ತೀನಿ’ ಅನ್ನಬೇಡಿ. ತಪ್ಪಿದರೆ ಕರೆ ದುಪ್ಪಟ್ಟು. ಆರ್‌ಬಿಐನ ಆಗಸ್ಟ್ 2022ರ ಸುತ್ತೋಲೆಯಂತೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ, ಮನೆಯವರನ್ನು ಕಾಡುವಂತಿಲ್ಲ. ಕಾಲ್ ಲಾಗ್ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಉತ್ತರ 2: ಆ ಸ್ಕ್ರೀನ್‌ಶಾಟ್ ಲಗತ್ತಿಸಿ ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ ದೂರು ಕೊಡಿ, ಏಜೆಂಟನಿಗಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಬರೆಯಿರಿ, ಶುಲ್ಕವಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ಉತ್ತರ 3: ಹೆಚ್ಚಿನವರು ಎಡವುವುದು ಇಲ್ಲೇ: ವಾಟ್ಸಾಪ್ ಆಫರ್ ನಂಬಿ ಏಜೆಂಟನ ಯುಪಿಐಗೆ ಹಣ ಹಾಕುತ್ತಾರೆ. ಒಪ್ಪಿದ ಮೊತ್ತ, ಕಂತಿನ ದಿನಾಂಕ, ಉಳಿದದ್ದು ಮನ್ನಾ ಎಂಬ ಮಾತು ಬ್ಯಾಂಕಿನ ಪತ್ರದಲ್ಲಿರಲಿ. ಹಣ ಸಾಲದ ಖಾತೆಗೇ ಹೋಗಲಿ. ಮುಗಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ (ಬಾಕಿ ಇಲ್ಲ ಎಂಬ ಪತ್ರ) ಪಡೆಯಿರಿ. ಸಿಬಿಲ್‌ನಲ್ಲಿ (ನಿಮ್ಮ ಸಾಲದ ದಾಖಲೆ) ‘ಕ್ಲೋಸ್ಡ್’ ಅಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಮುಂದೆ ಸಾಲ ಸಿಗುವುದು ಕಷ್ಟ. ಕಂತು ಕಟ್ಟುವ ಶಕ್ತಿ ಸ್ವಲ್ಪವಾದರೂ ಇದ್ದರೆ ಅವಧಿ ಹೆಚ್ಚಿಸಿಕೊಡಲು ಕೇಳುವುದೇ ಮೇಲು.