ಅಭ್ಯಾಸದ ಕೋಣೆ: ಫೋಮ್ ಇದ್ದರೂ ಸದ್ದು ಸೋರುತ್ತಿದೆ

ಪ್ರಶ್ನೆ: 10x10 ಅಡಿ ಕೋಣೆ, ಗೋಡೆ ತುಂಬ 1 ಇಂಚಿನ ಫೋಮ್. ಆದರೂ ತಬಲಾ ಪಕ್ಕದ ಕೋಣೆಗೆ ಹಾಗೇ ಕೇಳುತ್ತೆ, ಒಳಗೆ ಡಗ್ಗ (ಎಡಗೈಯ ದಪ್ಪ ಸದ್ದಿನ ತಬಲಾ) ಗುಂಯ್‌ಗುಡುತ್ತೆ. ಏನು ಮಾಡಬಹುದು?

ಉತ್ತರ 1: ಫೋಮ್ ಪ್ರತಿಧ್ವನಿ ತಗ್ಗಿಸುತ್ತೆ ಅಷ್ಟೇ. ಸದ್ದು ತಡೆಯೋಕೆ ಗೋಡೆ, ಬಾಗಿಲಿಗೆ ತೂಕ ಬೇಕು, ಸಂದು ಇರಬಾರದು. ರಾತ್ರಿ ಒಳಗೆ ದೀಪ ಹಾಕಿ, ಬಾಗಿಲು ಮುಚ್ಚಿ ಹೊರಗಿನಿಂದ ನೋಡಿ: ಬೆಳಕು ಕಂಡಲ್ಲೆಲ್ಲ ಸದ್ದೂ ಸೋರುತ್ತೆ. ಚೌಕಟ್ಟಿಗೆ ರಬ್ಬರ್ ಪಟ್ಟಿ, ಬಾಗಿಲ ಕೆಳಗಿನ ಸಂದಿಗೆ ಡೋರ್ ಸೀಲ್ ಹಾಕಿ. ಬಾಗಿಲು ಪೊಳ್ಳಾಗಿದ್ದರೆ ಬದಲಿಸಲೇಬೇಕು.

ಉತ್ತರ 2: ಗುಂಯ್‌ಗೆ ಚೌಕ ಕೋಣೆಯೇ ಕಾರಣ. 10 ಅಡಿಗೆ ಸುಮಾರು 56 ಮತ್ತು 113 ಹರ್ಟ್ಸ್‌ನ ತಗ್ಗು ಸದ್ದುಗಳು ಉಬ್ಬುತ್ತವೆ, ಉದ್ದ-ಅಗಲ ಒಂದೇ ಆದ್ದರಿಂದ ಎರಡೂ ದಿಕ್ಕಲ್ಲಿ. ತೆಳು ಫೋಮ್ ಅವನ್ನು ಮುಟ್ಟೋದೂ ಇಲ್ಲ. 4 ಇಂಚಿನ ರಾಕ್‌ವೂಲ್‌ಗೆ (ಕಲ್ಲಿನ ನಾರಿನ ದಪ್ಪ ಹಲಗೆ) ಬಟ್ಟೆ ಸುತ್ತಿ ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಿ, ಹಿಂದೆ ಖಾಲಿ ಜಾಗ ಇರಲಿ.

ಉತ್ತರ 3: ಕಂಪನ ನೆಲದಿಂದಲೂ ದಾಟುತ್ತೆ. ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಪ್ಲೈವುಡ್ ಹಾಕಿ ಕೂತ್ಕೊಳ್ಳಿ.