ಲಿಬ್ರೆಆಫೀಸ್ ರೈಟರ್‌ನಲ್ಲಿ ಪ್ರಶ್ನೆಪತ್ರಿಕೆಗೆಂದೇ ಪ್ರತ್ಯೇಕ ಮೆನು ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ | ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ವಿಜ್ಞಾನದ ಪ್ರಶ್ನೆಪತ್ರಿಕೆಗಳನ್ನು ಉಬುಂಟು ಕಂಪ್ಯೂಟರಿನಲ್ಲಿರುವ ಲಿಬ್ರೆಆಫೀಸ್ ರೈಟರ್ ಬಳಸಿ ಕನ್ನಡದಲ್ಲಿ ಸಿದ್ಧಪಡಿಸುತ್ತೇನೆ. ರಾಸಾಯನಿಕ ಸೂತ್ರಗಳಿಗೆ ಸಬ್‌ಸ್ಕ್ರಿಪ್ಟ್, ಘಾತಗಳಿಗೆ ಸೂಪರ್‌ಸ್ಕ್ರಿಪ್ಟ್, ಓಮ್‌ನಂತಹ ಚಿಹ್ನೆಗಳಿಗೆ ಸ್ಪೆಷಲ್ ಕ್ಯಾರೆಕ್ಟರ್, ಸಮೀಕರಣಗಳಿಗೆ ಫಾರ್ಮುಲಾ ಮತ್ತು ಕೊನೆಯಲ್ಲಿ ಪಿಡಿಎಫ್, ಇಷ್ಟೇ ನನಗೆ ಪದೇ ಪದೇ ಬೇಕಾಗುವ ಆಜ್ಞೆಗಳು. ಆದರೆ ಇವು ಫಾರ್ಮ್ಯಾಟ್, ಇನ್ಸರ್ಟ್, ಫೈಲ್ ಎಂಬ ಮೂರು ಮೆನುಗಳಲ್ಲಿ ಹಂಚಿಹೋಗಿವೆ. ಕೆಲವು ಒಳಮೆನುಗಳಲ್ಲಿ ಅಡಗಿವೆ. ಇವನ್ನೆಲ್ಲ ‘ಪ್ರಶ್ನೆಪತ್ರಿಕೆ’ ಎಂಬ ಒಂದೇ ಮೆನುವಿನಡಿ ತರಲು ಸಾಧ್ಯವೇ? ಸಾಧ್ಯವಾದರೆ ಅದನ್ನು ಸಹೋದ್ಯೋಗಿಗಳ ಕಂಪ್ಯೂಟರುಗಳಿಗೂ ಒಯ್ಯಬಹುದೇ? ಕಚೇರಿಯಲ್ಲಿರುವ ವರ್ಡ್ 2010ರಲ್ಲಿಯೂ ಹೀಗೆ ಮಾಡಬಹುದೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ | ಕಂಪ್ಯೂಟರ್ ತರಬೇತುದಾರ

ಖಂಡಿತ ಸಾಧ್ಯವಿದೆ, ಮೇಡಂ. ರೈಟರ್ ತೆರೆದು ಟೂಲ್ಸ್ ಮೆನುವಿನಿಂದ ಕಸ್ಟಮೈಸ್‌ಗೆ ಹೋಗಿ, ಮೆನ್ಯೂಸ್ ಎಂಬ ಟ್ಯಾಬ್ ಆರಿಸಿಕೊಳ್ಳಿ. ಬಲಗಡೆ ಟಾರ್ಗೆಟ್ ಎಂಬ ಪಟ್ಟಿಯ ಪಕ್ಕದಲ್ಲಿರುವ ಚಿಕ್ಕ ಗುಂಡಿಯನ್ನು ಒತ್ತಿ ಆ್ಯಡ್ ಎಂದು ಕೊಟ್ಟರೆ ಹೊಸ ಮೆನುವಿಗೆ ಹೆಸರು ಕೇಳುತ್ತದೆ. ಅಲ್ಲಿ ಕನ್ನಡದಲ್ಲಿಯೇ ಹೆಸರು ಬರೆಯಬಹುದು. ಯಾವ ಮೆನುವಿನ ಪಕ್ಕದಲ್ಲಿ ಅದು ನಿಲ್ಲಬೇಕು ಎಂಬುದನ್ನು ಬಾಣದ ಗುಂಡಿಗಳಿಂದ ನಿರ್ಧರಿಸಬಹುದು. ಆ ನಂತರ ಎಡಗಡೆಯ ಹುಡುಕು ಪೆಟ್ಟಿಗೆಯಲ್ಲಿ ಆಜ್ಞೆಯ ಹೆಸರನ್ನು ಟೈಪಿಸಿ, ಸಿಕ್ಕಿದ್ದನ್ನು ನಡುವಿನ ಬಾಣದಿಂದ ಬಲಕ್ಕೆ ಸೇರಿಸುತ್ತಾ ಹೋಗಿ. ಪಿಡಿಎಫ್ ಆಜ್ಞೆಯನ್ನು ಉಳಿದವುಗಳಿಂದ ಬೇರ್ಪಡಿಸಿ ಕೊನೆಯಲ್ಲಿಡಲು ನಡುವೆ ಒಂದು ಸೆಪರೇಟರ್ ಗೆರೆ ಹಾಕಿಕೊಂಡರೆ ಕೈ ತಪ್ಪಿ ಒತ್ತುವುದು ಕಡಿಮೆಯಾಗುತ್ತದೆ.

ಮೂಲ ಮೆನುಗಳಲ್ಲಿರುವ ಆಜ್ಞೆಗಳನ್ನು ಮಾತ್ರ ಅಳಿಸಬೇಡಿ ಎಂದು ವಿನಂತಿಸುತ್ತೇನೆ. ಅದೇ ಕಂಪ್ಯೂಟರನ್ನು ಇನ್ನೊಬ್ಬರು ಬಳಸುವಾಗ, ಎಲ್ಲ ಕಡೆ ಇರುವ ಆಜ್ಞೆ ಇಲ್ಲಿ ಮಾತ್ರ ಕಾಣೆಯಾಗಿದ್ದರೆ ಅವರು ತಮ್ಮ ಕೆಲಸವನ್ನು ಬಿಟ್ಟು ಅದನ್ನೇ ಹುಡುಕುತ್ತಾ ಕೂರಬೇಕಾಗುತ್ತದೆ. ಒಂದೇ ಆಜ್ಞೆ ಎರಡು ಕಡೆ ಇದ್ದರೆ ಯಾವ ತೊಂದರೆಯೂ ಇಲ್ಲ. ಇನ್ನು ಸೂಪರ್‌ಸ್ಕ್ರಿಪ್ಟ್‌ಗೆ ಕಂಟ್ರೋಲ್, ಶಿಫ್ಟ್ ಮತ್ತು ಪಿ ಕೀಲಿಗಳು, ಸಬ್‌ಸ್ಕ್ರಿಪ್ಟ್‌ಗೆ ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳು ಮೊದಲೇ ಇವೆ. ಸೂತ್ರಗಳನ್ನು ಬರೆಯುವವರಿಗೆ ಇವು ಮೆನುವಿಗಿಂತಲೂ ಬೇಗ ಒದಗುತ್ತವೆ.

ಉತ್ತರ | ಉಬುಂಟು ಬಳಕೆದಾರ

ಮೇಲಿನ ವಿವರಣೆಗೆ ಒಂದು ಮುಖ್ಯ ವಿಷಯವನ್ನು ಸೇರಿಸಬೇಕು. ಮೆನ್ಯೂಸ್ ಟ್ಯಾಬಿನಲ್ಲಿ ಸ್ಕೋಪ್ ಎಂಬ ಆಯ್ಕೆಯಿದೆ. ನಿಮ್ಮ ಮೆನು ಎಲ್ಲಿ ಉಳಿಯುತ್ತದೆ, ಯಾರಿಗೆ ಕಾಣುತ್ತದೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಅಲ್ಲಿ ಲಿಬ್ರೆಆಫೀಸ್ ರೈಟರ್ ಎಂದಿದ್ದರೆ ಮೆನು ನಿಮ್ಮ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಯೂಸರ್ ಪ್ರೊಫೈಲ್‌ನಲ್ಲಿ ಉಳಿದು, ಆ ಕಂಪ್ಯೂಟರಿನಲ್ಲಿ ನೀವು ತೆರೆಯುವ ಪ್ರತಿಯೊಂದು ರೈಟರ್ ಕಡತದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅದರ ಬದಲು ತೆರೆದಿರುವ ಕಡತದ ಹೆಸರನ್ನು ಆರಿಸಿದರೆ ಮೆನು ಆ ಕಡತದೊಳಗೇ ಸೇರಿಕೊಂಡು, ಕಡತ ಹೋದಲ್ಲೆಲ್ಲ ಜೊತೆಯಲ್ಲಿಯೇ ಹೋಗುತ್ತದೆ. ಸಹೋದ್ಯೋಗಿಗಳಿಗೆ ಹಂಚುವುದೇ ನಿಮ್ಮ ಉದ್ದೇಶವಾದ್ದರಿಂದ, ಶಾಲೆಯ ಹೆಸರು, ಅಂಕ ಮತ್ತು ಸಮಯದ ಸಾಲುಗಳಿರುವ ಒಂದು ಮಾದರಿ ಕಡತವನ್ನು ಮಾಡಿ, ಮೆನುವನ್ನು ಅದರಲ್ಲಿಯೇ ಉಳಿಸಿ, ಎಲ್ಲರಿಗೂ ಆ ಕಡತದ ಪ್ರತಿಯನ್ನು ಕೊಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸರಿಯಾದ ದಾರಿ. ಆದರೆ ಕಡತವು ರೈಟರ್‌ನ ಸ್ವಂತ ರೂಪವಾದ ಓಡಿಟಿಯಲ್ಲಿಯೇ (.odt) ಇರಬೇಕು. ವರ್ಡ್‌ನ ಡಾಕ್ಸ್ (.docx) ರೂಪದಲ್ಲಿ ಉಳಿಸಿದರೆ ಮೆನು ಅದರೊಳಗೆ ಉಳಿಯುವುದಿಲ್ಲ.

ಪ್ರೊಫೈಲ್‌ನಲ್ಲಿ ಉಳಿಸುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ನೀವು ಒಂದೇ ಒಂದು ಆಜ್ಞೆಯನ್ನು ಸೇರಿಸಿದರೂ ಲಿಬ್ರೆಆಫೀಸ್ ಇಡೀ ಮೆನುಪಟ್ಟಿಯನ್ನು ಮೆನುಬಾರ್ ಎಂಬ ಹೆಸರಿನ ಎಕ್ಸ್ಎಂಎಲ್ ಕಡತವಾಗಿ ಪ್ರೊಫೈಲ್‌ನಲ್ಲಿ ಬರೆದಿಡುತ್ತದೆ ಮತ್ತು ಮುಂದೆ ಅದನ್ನೇ ಓದುತ್ತದೆ. ಹೀಗಾಗಿ ತಂತ್ರಾಂಶದ ಹೊಸ ಆವೃತ್ತಿ ಬಂದಾಗ ನಿಮ್ಮ ಮೆನು ಹಾಗೆಯೇ ಉಳಿದರೂ, ಆ ಆವೃತ್ತಿಯಲ್ಲಿ ಮೆನುಗಳಿಗೆ ಸೇರಿಸಿದ ಹೊಸ ಆಜ್ಞೆಗಳು ನಿಮಗೆ ಕಾಣುವುದಿಲ್ಲ. ದೊಡ್ಡ ನವೀಕರಣದ ನಂತರ ಡಿಫಾಲ್ಟ್ಸ್ ಗುಂಡಿಯಿಂದ ಮೂಲ ಮೆನುವನ್ನು ಮರಳಿ ತಂದು, ನಿಮ್ಮ ಐದು ಆಜ್ಞೆಗಳನ್ನು ಹೊಸದಾಗಿ ಸೇರಿಸಿಕೊಳ್ಳುವುದು ಒಳ್ಳೆಯದು. ಪ್ರೊಫೈಲ್‌ನ ಪ್ರತಿ ತೆಗೆದಿಡಬೇಕಾದರೆ ಹೆಲ್ಪ್ ಮೆನುವಿನಲ್ಲಿ ಸೇಫ್ ಮೋಡ್‌ಗೆ ಹೋಗುವ ಆಯ್ಕೆಯಿದೆ. ಅದರ ಅಡ್ವಾನ್ಸ್ಡ್ ಭಾಗದಲ್ಲಿ ಇಡೀ ಪ್ರೊಫೈಲನ್ನು ಒಂದೇ ಕಡತವಾಗಿ ಕಟ್ಟಿಕೊಳ್ಳಬಹುದು.

ಉತ್ತರ | ಶಾಲಾ ಕಚೇರಿ ಸಿಬ್ಬಂದಿ

ವರ್ಡ್‌ನ ಬಗ್ಗೆ ಹೇಳುವುದಾದರೆ, 2007ರ ಆವೃತ್ತಿಯಲ್ಲಿ ಹಳೆಯ ಮೆನುಗಳು ಹೋಗಿ, ಆಜ್ಞೆಗಳನ್ನು ಟ್ಯಾಬುಗಳಲ್ಲಿ ಜೋಡಿಸಿದ ರಿಬ್ಬನ್ ಎಂಬ ಪಟ್ಟಿ ಬಂದಿತು, ಆದರೆ ಅದನ್ನು ಬದಲಾಯಿಸುವ ಸೌಲಭ್ಯವನ್ನು ಬಳಕೆದಾರರಿಗೆ ನೇರವಾಗಿ ಕೊಟ್ಟಿರಲಿಲ್ಲ. 2010ರಲ್ಲಿ ಆ ಸೌಲಭ್ಯ ಬಂದಿತು. ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್ ಎಂದು ಹೋಗಿ ಹೊಸ ಟ್ಯಾಬ್ ಮಾಡಿಕೊಳ್ಳಿ. ಅದರೊಂದಿಗೆ ಬರುವ ಹೊಸ ಗುಂಪಿನಲ್ಲಿ ಆಜ್ಞೆಗಳನ್ನು ಸೇರಿಸಿ. ವರ್ಡ್‌ನ ಸ್ವಂತ ಗುಂಪುಗಳೊಳಗೆ ಆಜ್ಞೆ ಸೇರಿಸಲು ಬರುವುದಿಲ್ಲ. ಅದೇ ಕಿಟಕಿಯಿಂದ ಎಕ್ಸ್‌ಪೋರ್ಟ್ ಮಾಡಿದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ಇಂಪೋರ್ಟ್ ಮಾಡಬಹುದು. ಆದರೆ ಹಾಗೆ ಮಾಡಿದಾಗ ಆ ಕಂಪ್ಯೂಟರಿನವರು ರಿಬ್ಬನ್‌ನಲ್ಲಿ ಮೊದಲೇ ಮಾಡಿಕೊಂಡಿದ್ದ ಬದಲಾವಣೆಗಳೆಲ್ಲ ಅಳಿಸಿಹೋಗುತ್ತವೆ, ಆದ್ದರಿಂದ ಅವರನ್ನು ಕೇಳಿಯೇ ಮಾಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಾದರಿ ಕಡತದಲ್ಲಿಯೇ ಮೆನು ಉಳಿಸಿದೆ, ಸೊಗಸಾಗಿ ಕೆಲಸ ಮಾಡುತ್ತಿದೆ. ಗಣಿತದ ಮೇಷ್ಟ್ರ ಕಂಪ್ಯೂಟರಿನಲ್ಲಿ ಮಾತ್ರ ಆ ಕಡತ ತೆರೆದರೂ ಮೆನು ಕಾಣುತ್ತಿಲ್ಲ. ಅಲ್ಲಿ ಮೆನುಸಾಲೇ ಇಲ್ಲ, ಬದಲಿಗೆ ವರ್ಡ್‌ನಂತೆ ಟ್ಯಾಬುಗಳಿವೆ.

ಉತ್ತರ | ಉಬುಂಟು ಬಳಕೆದಾರ

ಅವರು ಟ್ಯಾಬ್ಡ್ ವಿನ್ಯಾಸವನ್ನು ಆರಿಸಿಕೊಂಡಿದ್ದಾರೆ, ಮೇಡಂ. ಅದರಲ್ಲಿ ಮೆನುಸಾಲು ಮರೆಯಾಗಿರುತ್ತದೆ, ಅಷ್ಟೇ. ಟ್ಯಾಬುಗಳ ಸಾಲಿನ ಎಡ ತುದಿಯಲ್ಲಿರುವ ಚಿಕ್ಕ ಗುಂಡಿಯನ್ನು ಒತ್ತಿದರೆ ಮೆನುಸಾಲು, ಅದರೊಂದಿಗೆ ನಿಮ್ಮ ಮೆನುವೂ ಕಾಣಿಸುತ್ತದೆ. ಹಳೆಯ ವಿನ್ಯಾಸವೇ ಬೇಕೆಂದರೆ ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ನಲ್ಲಿ ಸ್ಟ್ಯಾಂಡರ್ಡ್ ಟೂಲ್‌ಬಾರ್ ಆರಿಸಿಕೊಳ್ಳಲು ಅವರಿಗೆ ಹೇಳಿ.