3 < ಎಕ್ಸ್ ≤ 7: ಇಂಗ್ಲಿಷಲ್ಲಿ ಓದೋದು ಹೇಗೆ?

ಪ್ರಶ್ನೆ: ಪಿಯುಸಿ ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬರೆದು ಗಟ್ಟಿಯಾಗಿ ಓದಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1: ನಡುವಿನಿಂದ. ‘ಎಕ್ಸ್ ಈಸ್ ಗ್ರೇಟರ್ ದ್ಯಾನ್ ತ್ರೀ, ಅಂಡ್ ಲೆಸ್ ದ್ಯಾನ್ ಆರ್ ಈಕ್ವಲ್ ಟು ಸೆವೆನ್’. ಬರೆದಿರೋದು ಲೆಸ್ ದ್ಯಾನ್ ಚಿಹ್ನೆಯೇ. ಎಕ್ಸ್ ಕಡೆಯಿಂದ ಓದಿದಾಗ ಅದು ಗ್ರೇಟರ್ ಆಗುತ್ತೆ. ಮಕ್ಕಳು ತಪ್ಪೋದು ಇಲ್ಲೇ.

ಉತ್ತರ 2: ‘ಈಸ್’ ಮಾತ್ರ ನುಂಗಬೇಡಿ. ‘ಫೈವ್ ಈಸ್ ಲೆಸ್ ದ್ಯಾನ್ ಎಕ್ಸ್’ ಅಂದರೆ 5 < ಎಕ್ಸ್. ‘ಫೈವ್ ಲೆಸ್ ದ್ಯಾನ್ ಎಕ್ಸ್’ ಅಂದರೆ ಎಕ್ಸ್ − 5, ಬರೀ ಕಳೆಯುವ ಲೆಕ್ಕ! ‘ಲೆಸ್ಸರ್ ದ್ಯಾನ್’ ಕೂಡ ಬೇಡ, ‘ಲೆಸ್ ದ್ಯಾನ್’ ಸರಿ.

ಉತ್ತರ 3: ಮಾತಿನ ಲೆಕ್ಕದಲ್ಲಿ ‘ಅಟ್ ಲೀಸ್ಟ್’ ಬಂದರೆ ≥, ‘ಅಟ್ ಮೋಸ್ಟ್’ ಬಂದರೆ ≤. ‘ಲೀಸ್ಟ್’ ಕೇಳಿ ≤ ಬರೆಯೋರೇ ಜಾಸ್ತಿ. ಕನ್ನಡದಲ್ಲಿ ‘ಕನಿಷ್ಠ 7’ ಅಂತ ಹೇಳಿಸಿ, 7 ಅಥವಾ ಮೇಲೆ ಅಂತ ತಟ್ಟನೆ ಹೊಳೆಯುತ್ತೆ.